ಬೆಂಗಳೂರಿನ ಬಲೂನು, ನಗರಗೆರೆಯ ಬಿಸಿಲು

ಏಪ್ರಿಲ್ ಕೊನೆಗೆ ನಗರಗೆರೆ ಕಡೆ ಕೇಳುವ ಪ್ರಶ್ನೆ ಒಂದೇ: ಈ ಸಲ ಭರಣಿ ಮಳೆ ಹುಯ್ಯುತ್ತದೋ, ಬರೀ ಧೂಳೆಬ್ಬಿಸಿ ಹೋಗುತ್ತದೋ? ಮೋಡ ಕಟ್ಟುವ ಮೊದಲೇ ಇದಕ್ಕೆ ಸುಳಿವು ಕೊಡುವ ಹಾಳೆಯೊಂದಿದೆ, ಟೆಫಿಗ್ರಾಂ. ಬ್ರಿಟನ್ನಿನ ನೇಪಿಯರ್ ಶಾ 1915ರಲ್ಲಿ ರೂಪಿಸಿದ ಈ ನಕ್ಷೆ ನಮ್ಮ ಹವಾಮಾನ ಇಲಾಖೆಯಲ್ಲೂ ಬಹುಕಾಲದಿಂದ ಬಳಕೆಯಲ್ಲಿದೆ. 1947ರ 'ಸ್ಕ್ಯೂ-ಟಿ' ಇದರ ದಾಯಾದಿ. ಓದುವ ಕ್ರಮ ಎರಡಕ್ಕೂ ಒಂದೇ.

ಬೆಳಗಿನ ಐದೂವರೆಯ ಲೆಕ್ಕಕ್ಕೆ ಬೆಂಗಳೂರಿನಿಂದ ಬಲೂನು ಏರುತ್ತದೆ. ಅದು ಕಳಿಸುವ ಮಾಹಿತಿ ಹಾಳೆಯ ಮೇಲೆ ಎರಡು ಗೆರೆಯಾಗುತ್ತದೆ: ಬಲಕ್ಕೆ ಉಷ್ಣಾಂಶ, ಎಡಕ್ಕೆ ಇಬ್ಬನಿ ಬಿಂದು, ಅಂದರೆ ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣಾಂಶ. ಗೆರೆಗಳು ಹತ್ತಿರ ಬಂದಲ್ಲಿ ಗಾಳಿ ತೇವ, ದೂರ ಸರಿದಲ್ಲಿ ಒಣ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಗೆರೆಗಳು ಶುರುವಾಗುವುದೇ 910 ಹೆಕ್ಟೊಪಾಸ್ಕಲ್ ಆಸುಪಾಸಿನಲ್ಲಿ.

ನಗರಗೆರೆ ಇರುವ ಗೌರಿಬಿದನೂರು ಸೀಮೆ ಅದಕ್ಕಿಂತ ಇನ್ನೂರು ಮೀಟರ್‌ಗೂ ಮಿಕ್ಕಿ ತಗ್ಗು; ಬಿಸಿಲೂ ಒಂದು ಕೈ ಮೇಲು. ಹಾಗಾಗಿ ಬಲೂನಿನ ಗೆರೆಯ ಬುಡ ಬಿಟ್ಟು, ನಮ್ಮೂರ ಮಧ್ಯಾಹ್ನದ ಉಷ್ಣಾಂಶವನ್ನೇ ಅಲ್ಲಿಡಬೇಕು. ನೆಲದಿಂದೆದ್ದ ಗಾಳಿ ನೂರು ಮೀಟರಿಗೆ ಹೆಚ್ಚುಕಡಿಮೆ ಒಂದು ಡಿಗ್ರಿ ತಣಿಯುತ್ತದೆ. ಉಷ್ಣಾಂಶಕ್ಕೂ ಇಬ್ಬನಿ ಬಿಂದುವಿಗೂ ಇರುವ ಅಂತರವನ್ನು 125ರಿಂದ ಗುಣಿಸಿದರೆ ಮೋಡದ ಬುಡ ನೆಲದಿಂದ ಎಷ್ಟು ಮೀಟರ್ ಮೇಲೆ ಎಂಬುದು ಸಿಗುತ್ತದೆ. ಬಿಸಿಲು 36, ಇಬ್ಬನಿ ಬಿಂದು 16 ಇದ್ದರೆ 2,500 ಮೀಟರ್. ಅಷ್ಟು ಎತ್ತರದಿಂದ ಬೀಳುವ ಹನಿ ಒಣಗಾಳಿಯಲ್ಲೇ ಆವಿಯಾಗಿ, ಸುತ್ತಲ ಗಾಳಿಯನ್ನು ತಣಿಸಿ ಕೆಳಕ್ಕೆ ನೂಕುತ್ತದೆ. ನಾಲ್ಕು ಹನಿಗೆ ನಲವತ್ತು ಪಾಲು ಗಾಳಿ ಬೀಸುವುದು ಇಂಥ ದಿನವೇ. ಇಬ್ಬನಿ ಬಿಂದು 21ಕ್ಕೇರಿದರೆ ಬುಡ 1,900ರ ಕೆಳಗಿಳಿಯುತ್ತದೆ. ಆಗ ಮಳೆಯ ಆಸೆ ಇಟ್ಟುಕೊಳ್ಳಬಹುದು.

ಮೋಡವಾದ ಮೇಲೆ ನೀರಾವಿ ತನ್ನ ಶಾಖ ಬಿಟ್ಟುಕೊಡುವುದರಿಂದ ಗಾಳಿ ನಿಧಾನವಾಗಿ ತಣಿಯುತ್ತದೆ. ಅದರ ಗೆರೆ ಬಲೂನಿನ ಗೆರೆಯ ಬಲಕ್ಕೆ ಬಿದ್ದರೆ ನಡುವಿನ ಜಾಗವೇ ಗುಡುಗುಮೋಡದ ಬಂಡವಾಳ. ಕೆಳಗೆಲ್ಲೋ ಬೆಚ್ಚನೆಯ ಪದರವಿದ್ದರೆ ಅದು ಗಡಿಗೆಯ ಮುಚ್ಚಳದಂತೆ ತಡೆಯುತ್ತದೆ. ಮಧ್ಯಾಹ್ನದ ಬಿಸಿಲು ಅದನ್ನು ಎಬ್ಬಿಸಲಾರದಿದ್ದರೆ ಸಂಜೆ ಬರೀ ಸೆಖೆ.

ಈ ಬಂಡವಾಳವನ್ನು ಒಂದೇ ಅಂಕಿಯಲ್ಲಿ ಹೇಳುವ ಚಾಳಿಯಿದೆ. ನನಗದು ಒಪ್ಪಿಗೆಯಿಲ್ಲ, ಆಕಾರ ನೋಡಬೇಕು. ಅಷ್ಟೇ ಜಾಗ ತೆಳ್ಳಗೆ ಉದ್ದಕ್ಕಿದ್ದರೆ ಮೋಡ ಮೆಲ್ಲಗೆ ಏರುತ್ತದೆ. ಸೊನ್ನೆ ಡಿಗ್ರಿಯ ಗೆರೆಯ ಮೇಲೆ ಅಗಲವಾಗಿ ಉಬ್ಬಿದ್ದರೆ ಚಿಕ್ಕಬಳ್ಳಾಪುರದ ದ್ರಾಕ್ಷಿಯವರು, ಚಿಂತಾಮಣಿಯ ಮಾವಿನವರು ಆಲಿಕಲ್ಲಿಗೆ ಎಚ್ಚರವಾಗಿರಬೇಕು.

ಮಳೆ ನಗರಗೆರೆಗೋ ಹಿಂದೂಪುರಕ್ಕೋ ಎಂದು ಈ ಹಾಳೆ ಹೇಳದು. ಅದು ರಾಡಾರ್‌ನ ಕೆಲಸ. ವಯೋಮಿಂಗ್ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಬೆಂಗಳೂರಿನ ಕೇಂದ್ರಸಂಖ್ಯೆ 43295 ಹಾಕಿದರೆ ನಕ್ಷೆ ಪುಕ್ಕಟೆ ಸಿಗುತ್ತದೆ. ಬುಡದ ಅಂಕಿ ಮಾತ್ರ ನಿಮ್ಮೂರಿನದೇ ಇರಲಿ.