ಮಂಡಿಗೆ ಒಗ್ಗುವ ವರಸೆ

ಮಂಡಿ ಸವೆದವರು, ಮೈತೂಕ ಹೆಚ್ಚಿದವರು ಅಥವಾ ನಡೆಯುವಾಗ ಸಮತೋಲ ತಪ್ಪುವವರು ಯುದ್ಧಕಲೆಯೊಂದನ್ನು ಆಯ್ದುಕೊಳ್ಳುವಾಗ ಅದಕ್ಕಿರುವ ಸೌಮ್ಯತೆಯ ಖ್ಯಾತಿಗಿಂತ ಮೊದಲು ಅದರಲ್ಲಿ ಎಷ್ಟು ಬೀಳಬೇಕು, ಎಷ್ಟು ತಗ್ಗಿ ನಿಲ್ಲಬೇಕು ಎಂಬುದನ್ನು ವಿಚಾರಿಸುವುದು ಲೇಸು. ಜಪಾನಿನ ಮೊರಿಹೆಯ್ ಉಯೆಶಿಬಾ (1883–1969) ರೂಪಿಸಿದ ಐಕಿಡೊ ಎದುರಾಳಿಯ ಬಲವನ್ನು ತಡೆಯದೆ ಪಕ್ಕಕ್ಕೆ ತಿರುಗಿಸುವ ಕಲೆಯಾದ್ದರಿಂದ ಸೌಮ್ಯವೆಂದೇ ಹೆಸರಾಗಿದೆ. ಆದರೆ ಪೆಟ್ಟಾಗದಂತೆ ಉರುಳಿ ಬೀಳುವ ಉಕೆಮಿ ಅದರ ಬುನಾದಿಯಾಗಿದ್ದು, ಸುವಾರಿ-ವಾಜಾ ಎಂಬ ಭಾಗದಲ್ಲಿ ಮಂಡಿಯೂರಿಯೇ ಚಲಿಸಬೇಕಾಗುವುದರಿಂದ, ಮೂಳೆ ಟೊಳ್ಳಾದವರಿಗೂ ಮಂಡಿನೋವಿನವರಿಗೂ ಅದು ಹೇಳಿ ಮಾಡಿಸಿದ ಕಲೆಯೆನಿಸುವುದಿಲ್ಲ.

ಚೀನಾದ ತೈಚಿಯಲ್ಲಿ ಬೀಳುವ ಪ್ರಮೇಯವೇ ಕಡಿಮೆ. ಆದರೂ ತೈಚಿಯೆಂಬ ಒಂದೇ ಹೆಸರಿನಡಿ ಹಲವು ಶೈಲಿಗಳಿವೆ. ಹೆನಾನ್ ಪ್ರಾಂತ್ಯದ ಚೆನ್ ಮನೆತನದ ಹಳ್ಳಿಯಲ್ಲಿ ಬೆಳೆದ ಚೆನ್ ಶೈಲಿ ತಗ್ಗಿದ ನಿಲುವು, ನೆಲಕ್ಕೆ ಕಾಲು ಅಪ್ಪಳಿಸುವುದು, ಫಾಜಿನ್ ಎಂಬ ಹಠಾತ್ ಬಲಪ್ರಯೋಗ ಇವೆಲ್ಲವನ್ನೂ ಉಳಿಸಿಕೊಂಡಿದೆ. ಅಲ್ಲಿ ಕಲಿತ ಯಾಂಗ್ ಲುಚಾನ್‌ರ ಮೊಮ್ಮಗ ಯಾಂಗ್ ಚೆಂಗ್‌ಫು (1883–1936) ನಿಧಾನವಾದ, ವಿಶಾಲ ಚಲನೆಗಳ ಯಾಂಗ್ ಶೈಲಿಯನ್ನು ಜನಪ್ರಿಯಗೊಳಿಸಿದರು; 1956ರಲ್ಲಿ ಚೀನಾದ ಕ್ರೀಡಾ ಆಯೋಗ ಅದನ್ನೇ 24 ಭಂಗಿಗಳಿಗೆ ಇಳಿಸಿತು. ಸರಳವೆನ್ನಲಾದ ಈ ವರಸೆಯಲ್ಲೂ ಒಂದು ಕಾಲನ್ನು ಪೂರ್ತಿ ಮಡಚಿ ಇನ್ನೊಂದನ್ನು ನೆಲದ ಮಟ್ಟಕ್ಕೆ ಚಾಚುವ ಭಂಗಿಯೊಂದಿದೆ ಎಂಬುದನ್ನು ಹೊಸಬರು ಮೊದಲೇ ತಿಳಿದಿರಬೇಕು.

ಮಂಡಿಯ ಮಟ್ಟಿಗೆ ಹೆಚ್ಚು ಒಪ್ಪುವುದು ಸುನ್ ಲುತಾಂಗ್ (1860–1933) ಕಟ್ಟಿದ ಸುನ್ ಶೈಲಿ. ಇದರಲ್ಲಿ ನಿಲುವು ಬಹುಮಟ್ಟಿಗೆ ನೆಟ್ಟಗಿರುತ್ತದೆ. ಮುಂದಿನ ಕಾಲು ಹೆಜ್ಜೆಯಿಟ್ಟ ಕೂಡಲೇ ಹಿಂದಿನ ಕಾಲು ಎಳೆದುಕೊಂಡು ಬಂದು ಅದರ ಸಮೀಪ ನಿಲ್ಲುವುದರಿಂದ, ಮಡಚಿದ ಒಂದೇ ಮಂಡಿಯ ಮೇಲೆ ಮೈಭಾರ ಬಹುಹೊತ್ತು ಕೂರುವುದಿಲ್ಲ. ಆಸ್ಟ್ರೇಲಿಯದ ವೈದ್ಯ ಪಾಲ್ ಲ್ಯಾಮ್ 1997ರಲ್ಲಿ ಸಂಧಿವಾತದವರಿಗಾಗಿ ರೂಪಿಸಿದ ವರಸೆಗೆ ಈ ಶೈಲಿಯನ್ನೇ ಆಧಾರವಾಗಿಟ್ಟುಕೊಂಡದ್ದು ಸಹಜವೇ ಆಗಿದೆ.

ಹಾಗೆಂದು ಶೈಲಿಯ ಹೆಸರೊಂದನ್ನೇ ನೆಚ್ಚಿ ಕೂರುವಂತಿಲ್ಲ. 2016ರಲ್ಲಿ ಪ್ರಕಟವಾದ, ಮಂಡಿಸವೆತದ 204 ಮಂದಿಯನ್ನು ಒಳಗೊಂಡ ಅಮೆರಿಕದ ಅಧ್ಯಯನವೊಂದು 12 ವಾರಗಳ ತೈಚಿ ಅಭ್ಯಾಸದಿಂದ ಫಿಸಿಯೋಥೆರಪಿಗೆ ಸಮನಾದ ಉಪಶಮನ ದೊರೆತದ್ದನ್ನು ತೋರಿಸಿತು. ಅಲ್ಲಿ ಕಲಿಸಿದ್ದು ಯಾಂಗ್ ಶೈಲಿಯನ್ನು. ಆದ್ದರಿಂದ ಹೆಚ್ಚು ಗಮನಿಸಬೇಕಾದದ್ದು ನಿಲುವಿನ ಎತ್ತರವನ್ನೂ ಪಾದ ತಿರುಗುವ ಬಗೆಯನ್ನೂ. ಪಾದದ ಮೇಲೆ ಭಾರ ಬಿಟ್ಟುಕೊಂಡೇ ಮೈ ಹೊರಳಿಸಿದರೆ ಆ ತಿರುಚು ನೇರವಾಗಿ ಮಂಡಿಗೆ ಬೀಳುತ್ತದೆ. ಭಾರವನ್ನು ಮೊದಲು ಇನ್ನೊಂದು ಕಾಲಿಗೆ ಸಾಗಿಸಿ, ಹಗುರಾದ ಪಾದವನ್ನು ಹಿಮ್ಮಡಿಯ ಮೇಲೆ ತಿರುಗಿಸಿ, ಆಮೇಲೆ ಮಂಡಿಯನ್ನು ಕಾಲ್ಬೆರಳುಗಳ ದಿಕ್ಕಿಗೇ ಮಡಚಬೇಕು. ಕೈಗಳ ಅಂದವನ್ನಷ್ಟೇ ತಿದ್ದುತ್ತ ಈ ಕ್ರಮವನ್ನು ತಿದ್ದದ ಗುರುವಿನ ಬಳಿ ನೋವಿನ ಮಂಡಿಯವರು ಮುಂದುವರಿಯಬಾರದು.

ತೈಚಿಯ ಯುದ್ಧಾಂಶ ಬೇಕೆನ್ನುವವರು ನಿರಾಶರಾಗಬೇಕಿಲ್ಲ. ಇಬ್ಬರು ಮುಂಗೈಗೆ ಮುಂಗೈ ತಾಗಿಸಿ ಪರಸ್ಪರರ ಒತ್ತಡವನ್ನು ಅರಿತು ಬಾಗಿಸುವ ತುಯ್‌ಶೌ ಎಂಬ ಅಭ್ಯಾಸವನ್ನು ಪಾದ ಕದಲಿಸದೆಯೂ ಮಾಡಬಹುದಾದ್ದರಿಂದ, ಉದ್ದನೆಯ ಹೆಜ್ಜೆ ಹಾಕಲಾರದವರಿಗೂ ಅದು ಎಟುಕುತ್ತದೆ. ನಿಲ್ಲುವುದೇ ಕಷ್ಟವಾದವರು ಕುರ್ಚಿಯಲ್ಲಿ ಎದುರುಬದುರು ಕುಳಿತು ಅದನ್ನು ಕಲಿಯಬಹುದು.