ನಾರ್ಮಂಡಿಯ ಉದ್ಯೋಗಪರ್ವ

ಯುದ್ಧವನ್ನು ಬಣ್ಣಿಸಹೊರಟವನಿಗೆ ಕಾಳಗದ ದಿನವು ಸುಲಭವಾಗಿ ವಶವಾಗುತ್ತದೆ. ಅದರ ಹಿಂದಿನ ವರ್ಷವು ಅಷ್ಟು ಸುಲಭವಾಗಿ ವಶವಾಗುವುದಿಲ್ಲ. ಕಾಳಗದಲ್ಲಿ ಶೌರ್ಯವುಂಟು, ಭಯವುಂಟು, ಮರಣವುಂಟು. ಸಿದ್ಧತೆಯಲ್ಲಿ ಕಾಣುವುದು ನಕ್ಷೆ, ಪಟ್ಟಿ, ಲೆಕ್ಕ. ಆದರೂ ನಮ್ಮ ಮಹಾಭಾರತವು ಭೀಷ್ಮಪರ್ವಕ್ಕೆ ಮೊದಲು ಉದ್ಯೋಗಪರ್ವವನ್ನಿಟ್ಟು, ರಣರಂಗದಲ್ಲಿ ಆಗುವುದೆಲ್ಲ ಮಂತ್ರಾಲೋಚನೆಯಲ್ಲಿ ಆಗಲೇ ಮೊಳೆತಿರುತ್ತದೆಂಬುದನ್ನು ತೋರಿಸಿದೆ. 1944ನೆಯ ಜೂನ್ 6ರಂದು ಮಿತ್ರರಾಷ್ಟ್ರಗಳ ಸೈನ್ಯವು ಕಡಲಿನಿಂದಲೂ ಆಕಾಶದಿಂದಲೂ ಫ್ರಾನ್ಸಿನ ನಾರ್ಮಂಡಿಯಲ್ಲಿ ಇಳಿದುದನ್ನು ಕುರಿತ ಒಂದು ಪ್ರಸಿದ್ಧ ಗ್ರಂಥವನ್ನು ಈ ಅಳತೆಗೋಲಿನಿಂದ ಪರೀಕ್ಷಿಸಬೇಕೆಂಬುದು ಈ ಲೇಖನದ ಉದ್ದೇಶ.

ಕಾರ್ನೀಲಿಯಸ್ ರಯನ್ ಮಹಾಶಯರು 1959ರಲ್ಲಿ ಪ್ರಕಟಿಸಿದ ‘ದಿ ಲಾಂಗೆಸ್ಟ್ ಡೇ’ ಎಂಬುದೇ ಆ ಗ್ರಂಥ. ಇವರು ಡಬ್ಲಿನ್ ನಗರದಲ್ಲಿ ಹುಟ್ಟಿ, ಯುದ್ಧಕಾಲದಲ್ಲಿ ಪತ್ರಿಕೆಗಳ ಸುದ್ದಿಗಾರರಾಗಿದ್ದವರು. ಆ ದಿನವನ್ನು ಕಣ್ಣಾರೆ ಕಂಡು ಬದುಕಿ ಉಳಿದ ನೂರಾರು ಮಂದಿಯನ್ನು, ಉಭಯಪಕ್ಷದ ಯೋಧರನ್ನೂ ಫ್ರಾನ್ಸಿನ ಊರಿಗರನ್ನೂ, ವಿಚಾರಿಸಿ ಅವರ ಮಾತುಗಳಿಂದ ಕಥೆಯನ್ನು ನೆಯ್ದಿದ್ದಾರೆ. ಗ್ರಂಥವು ಕಾಯುವಿಕೆ, ರಾತ್ರಿ, ಹಗಲು ಎಂದು ಮೂರು ಭಾಗವಾಗಿದೆ.

ಇದರ ಗುಣಗಳು ಸಾಮಾನ್ಯವಲ್ಲ. ಜರ್ಮನ್ ಸೇನಾಪತಿ ರೊಮೆಲನು, ಶತ್ರುಗಳು ಸದ್ಯಕ್ಕೆ ಬರಲಾರರೆಂದು ನಂಬಿ, ಹೆಂಡತಿಯ ಹುಟ್ಟುಹಬ್ಬಕ್ಕೆ ಊರಿಗೆ ಹೊರಡುವಲ್ಲಿ ಕಥೆ ಮೊದಲಾಗುತ್ತದೆ. ಆ ಹುಟ್ಟುಹಬ್ಬವು ಬಿದ್ದದ್ದು ಜೂನ್ 6ರಂದೇ! ಸೇಂತ್ ಮೇರ್ ಎಗ್ಲೀಸ್ ಎಂಬ ಊರಿನ ಚರ್ಚಿನ ಗೋಪುರಕ್ಕೆ ಪ್ಯಾರಾಚೂಟು ಸಿಕ್ಕಿಕೊಂಡು, ಕೆಳಗೆ ಕಾಳಗ ನಡೆಯುತ್ತಿರಲು ಸತ್ತವನಂತೆ ನಟಿಸುತ್ತ ತೂಗಾಡಿದ ಅಮೆರಿಕದ ಸಿಪಾಯಿಯನ್ನು ಓದಿದವರು ಮರೆಯಲಾರರು. ಸಾವಿರಾರು ಜನರ ಗುಂಪಿನಲ್ಲಿ ಒಬ್ಬೊಬ್ಬನ ಮುಖವನ್ನೂ ಕಾಣಿಸಬಲ್ಲ ಈ ಶಕ್ತಿಯು ಅಪೂರ್ವವಾದದ್ದು.

ಆದರೆ ಪುಸ್ತಕವನ್ನು ಮುಚ್ಚಿದ ಮೇಲೆ ವಾಚಕನ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿಯುತ್ತದೆ. ಒಂದೇ ದಿನದಲ್ಲಿ ಸುಮಾರು 1,56,000 ಮಂದಿಯನ್ನು, ಸುಮಾರು 7,000 ಹಡಗು ದೋಣಿಗಳ ಮತ್ತು ಸಾವಿರಾರು ವಿಮಾನಗಳ ಬೆಂಬಲದಿಂದ ಶತ್ರುವಿನ ನೆಲದಲ್ಲಿ ಇಳಿಸಿದ ಕಾರ್ಯವು ಸಾಧ್ಯವಾದದ್ದು ಹೇಗೆ? ಇದಕ್ಕೆ ಉತ್ತರವು ಆ ದಿನದೊಳಗೆ ದೊರೆಯುವುದಿಲ್ಲ, ಹಿಂದಕ್ಕೆ ಹೋಗಬೇಕು.

1942ರ ಆಗಸ್ಟ್ 19ರಂದು ದಿಯೆಪ್ ಎಂಬ ರೇವಿನ ಮೇಲೆ ಬಹುಮಟ್ಟಿಗೆ ಕೆನಡಾ ದೇಶದವರೇ ಆಗಿದ್ದ ಸುಮಾರು 6,000 ಸೈನಿಕರು ಏರಿಹೋಗಿ, ಅರ್ಧಕ್ಕಿಂತ ಹೆಚ್ಚು ಮಂದಿ ಸತ್ತರು, ಗಾಯಗೊಂಡರು, ಇಲ್ಲವೆ ಸೆರೆಯಾದರು. ಕಾವಲಿರುವ ರೇವುಪಟ್ಟಣವನ್ನು ಎದುರಿನಿಂದ ಹಿಡಿಯುವುದು ಆಗದ ಮಾತೆಂಬುದು ಆ ರಕ್ತದ ಬೆಲೆಗೆ ಕೊಂಡ ಪಾಠ. ರೇವು ಸಿಕ್ಕದಿದ್ದರೆ ಲಕ್ಷಾಂತರ ಜನಕ್ಕೆ ಅನ್ನ, ಮದ್ದುಗುಂಡು, ವಾಹನಗಳನ್ನು ಇಳಿಸುವುದೆಲ್ಲಿ? ರೇವನ್ನೇ ಕಟ್ಟಿ ಕಡಲ ಮೇಲೆ ಎಳೆದುಕೊಂಡು ಹೋಗಬೇಕೆಂದು ನಿಶ್ಚಯವಾಯಿತು. ‘ಮಲ್ಬರಿ’ ಎಂಬ ಗುಪ್ತನಾಮದ ಎರಡು ಕೃತಕ ಬಂದರುಗಳು ಹೀಗೆ ಹುಟ್ಟಿದವು. ಸೇತುಬಂಧವನ್ನು ಕೇಳಿ ಬೆಳೆದ ನಮಗೆ ಈ ಕಲ್ಪನೆಯ ಭವ್ಯತೆಯನ್ನು ವಿವರಿಸಬೇಕಾಗಿಲ್ಲ.

1943ರ ಮಾರ್ಚಿಯಲ್ಲಿ ಜನರಲ್ ಮಾರ್ಗನ್ ಎಂಬ ಬ್ರಿಟಿಷ್ ಅಧಿಕಾರಿಯನ್ನು ಯೋಜನೆಯ ಕೆಲಸಕ್ಕೆ ನೇಮಿಸಿದಾಗ ಮುಖ್ಯ ಸೇನಾಧಿಪತಿ ಯಾರೆಂಬುದೇ ತೀರ್ಮಾನವಾಗಿರಲಿಲ್ಲ. ಇದ್ದ ದೋಣಿಗಳನ್ನು ಎಣಿಸಿ ಅವರು ಮೂರು ಡಿವಿಜನ್‌ಗಳಿಗೆ ಯೋಜನೆ ಹಾಕಿದರು. 1944ರ ಆದಿಯಲ್ಲಿ ಐಸೆನ್‌ಹೋವರ್, ಮಾಂಟ್‌ಗೊಮರಿ ಇಬ್ಬರೂ ಅದು ಸಾಲದೆಂದು ಐದಕ್ಕೆ ಏರಿಸಿದರು. ಇನ್ನಷ್ಟು ದೋಣಿಗಳು ಒದಗಬೇಕಾಗಿ ಬಂದು, ಮೇ ತಿಂಗಳಿನ ಮುಹೂರ್ತವು ಜೂನಿಗೆ ಸರಿಯಿತು. ನೀರಿನೊಳಗೆ ಶತ್ರುವು ನೆಟ್ಟ ಅಡ್ಡಿಗಳು ಕಾಣುವಂತೆ ಬೆಳಗಿನ ಹೊತ್ತಿಗೆ ಕಡಲು ಇಳಿದಿರಬೇಕು. ವಿಮಾನದಿಂದ ಧುಮುಕುವವರಿಗೆ ಹಿಂದಿನ ರಾತ್ರಿ ಬೆಳದಿಂಗಳಿರಬೇಕು. ಎರಡೂ ಕೂಡಿಬರುವ ದಿನಗಳು ಜೂನ್ 5, 6, 7 ಮಾತ್ರ. ರಯನ್ ಮಹಾಶಯರು ಇಂಥ ಸಂಗತಿಗಳನ್ನು ಅರಿಯದವರಲ್ಲ. ಆದರೆ ಅವರ ಕೃತಿಯಲ್ಲಿ ಇವು ನಾಟಕದ ಹಿಂದಿನ ಪರದೆಯಂತೆ ನಿಂತಿವೆ. ಪಾತ್ರಗಳಾಗಿ ಮುಂದೆ ಬರುವುದಿಲ್ಲ.

ಲೆಕ್ಕಪತ್ರದಲ್ಲಿ ರಸವೆಲ್ಲಿಂದ ಬರಬೇಕು, ಕಥೆಗಾರನು ಅದನ್ನು ಬಿಟ್ಟದ್ದೇ ಸರಿಯೆಂದು ಕೆಲವರು ಹೇಳಬಹುದು. ಇದು ಒಪ್ಪತಕ್ಕ ಮಾತಲ್ಲ. ಯೋಜನೆ ಮಾಡುವವನು ಎಣಿಸುವುದು ದೋಣಿಗಳನ್ನು ಮಾತ್ರವಲ್ಲ, ಇನ್ನೂ ಸಾಯದವರ ಸಾವನ್ನು. ವಾಯುಬಲದ ಅಧಿಪತಿ ಲೀ-ಮ್ಯಾಲರಿಯು ಮೇ ಕೊನೆಯಲ್ಲಿ ಐಸೆನ್‌ಹೋವರನ ಬಳಿಗೆ ಬಂದು, ಅಮೆರಿಕದ ಪ್ಯಾರಾಚೂಟು ಭಟರಲ್ಲಿ ಅರ್ಧದಷ್ಟು ಮಂದಿಯೂ ಗ್ಲೈಡರುಗಳಲ್ಲಿ ಹೋಗುವವರಲ್ಲಿ ಅದಕ್ಕೂ ಹೆಚ್ಚು ಮಂದಿಯೂ ನಷ್ಟವಾದಾರೆಂದು ಎಚ್ಚರಿಸಿದನು. ಅವರನ್ನು ಕಳುಹಿಸದಿದ್ದರೆ ತೀರದಲ್ಲಿ ಇಳಿದವರಿಗೆ ಜೌಗುನೆಲವನ್ನು ದಾಟುವ ಹಾದಿಗಳು ದೊರೆಯುವಂತಿರಲಿಲ್ಲ. ಐಸೆನ್‌ಹೋವರನು ಒಬ್ಬನೇ ಯೋಚಿಸಿ ಕಳುಹಿಸಿಯೇ ತೀರುವುದೆಂದನು; ಜೂನ್ 5ರ ಸಂಜೆ ಆ ಹುಡುಗರನ್ನೇ ಹೋಗಿ ಕಂಡು ಮಾತನಾಡಿಸಿದನು. ನಷ್ಟವು ಹೆದರಿದ್ದಕ್ಕಿಂತ ಬಹಳ ಕಡಿಮೆಯಾಯಿತು. ಆದರೆ ಆ ಸಂಜೆ ಅದನ್ನು ಅವನು ಅರಿಯನು. ಹಾಗೆಯೇ ಫ್ರಾನ್ಸಿನ ರೈಲುಮಾರ್ಗಗಳ ಮೇಲೆ ಬಾಂಬು ಹಾಕುವಾಗ ಎಷ್ಟು ಮಂದಿ ನಿರಪರಾಧಿಗಳು ಸಾಯುವರೆಂಬ ಚಿಂತೆಯಿಂದ ಚರ್ಚಿಲ್ಲನು ರೂಸ್‌ವೆಲ್ಟನಿಗೆ ಪತ್ರ ಬರೆದನು. ಸೇನಾಪತಿಗಳ ಕೈಯನ್ನು ಕಟ್ಟಲಾರೆನೆಂದು ಉತ್ತರ ಬಂದಿತು. ಬಿಡುಗಡೆಯ ಹೆಸರಿನಲ್ಲಿ, ಬಿಡುಗಡೆ ಹೊಂದಬೇಕಾದವರೇ ಸಾವಿರಾರು ಮಂದಿ ಸತ್ತರು. ಇದಕ್ಕಿಂತ ದೊಡ್ಡ ಧರ್ಮಸಂಕಟವನ್ನು ಯಾವ ಕವಿ ತಾನೇ ಬಯಸಿಯಾನು?

ಇದಕ್ಕೆ ರಯನ್ ಅವರ ಗ್ರಂಥವೇ ಸಾಕ್ಷಿ. ಮೊದಲ ಭಾಗದಲ್ಲಿ ಹವೆಯನ್ನು ಕುರಿತ ಆಲೋಚನೆಯ ಪ್ರಕರಣವೊಂದಿದೆ. ಬಿರುಗಾಳಿಯಿಂದ ದಂಡಯಾತ್ರೆಯು ಒಂದು ದಿನ ಮುಂದಕ್ಕೆ ಹೋಗಿದೆ. ಹವಾತಜ್ಞನಾದ ಸ್ಟ್ಯಾಗನು ಜೂನ್ 4ರ ರಾತ್ರಿ ಬಂದು, ಗಾಳಿ ಸ್ವಲ್ಪಕಾಲ ತಗ್ಗಬಹುದೆನ್ನುತ್ತಾನೆ. ಎಲ್ಲರೂ ಐಸೆನ್‌ಹೋವರನ ಬಾಯನ್ನೇ ನೋಡುತ್ತಿದ್ದಾರೆ. ಅಲ್ಲಿ ಗುಂಡಿನ ಶಬ್ದವಿಲ್ಲ, ಆದರೂ ಗ್ರಂಥದಲ್ಲಿ ಅಷ್ಟು ಬಿಗಿಯಾದ ಭಾಗ ಇನ್ನೊಂದಿಲ್ಲ. ಒಂದು ಸಂಜೆಯಲ್ಲಿ ಇಷ್ಟನ್ನು ಸಾಧಿಸಿದ ಲೇಖಕರು ಇಡೀ ವರ್ಷದ ಮಂತ್ರಾಲೋಚನೆಯನ್ನು ಬಿಟ್ಟುಕೊಟ್ಟರಲ್ಲಾ ಎಂದು ವ್ಯಸನವಾಗುತ್ತದೆ.

ಕಾರಣವೇನಿರಬಹುದು? ಇದೇ ಲೇಖಕರು 1974ರಲ್ಲಿ, ತಾವು ತೀರಿಕೊಂಡ ವರ್ಷದಲ್ಲಿ, ಪ್ರಕಟಿಸಿದ ‘ಎ ಬ್ರಿಜ್ ಟೂ ಫಾರ್’ ಎಂಬ ಕೃತಿಯನ್ನು ಪಕ್ಕದಲ್ಲಿಟ್ಟರೆ ಉತ್ತರ ಹೊಳೆಯುತ್ತದೆ. ಅದು 1944ರ ಸೆಪ್ಟೆಂಬರಿನಲ್ಲಿ ಹಾಲೆಂಡಿನ ಆರ್ನ್‌ಹೆಮ್ ಸೇತುವೆಗಾಗಿ ಆಕಾಶದಿಂದ ಸೈನ್ಯವನ್ನಿಳಿಸಿ ಸೋತ ಕಥೆ. ಆ ಯೋಜನೆಯು ಸುಮಾರು ಒಂದು ವಾರದಲ್ಲಿ ಸಿದ್ಧವಾದದ್ದು. ಸೈನಿಕರನ್ನು ಇಳಿಸಿದ್ದು ಸೇತುವೆಯಿಂದ ಆರೆಂಟು ಮೈಲಿ ದೂರದಲ್ಲಿ. ಶತ್ರುವಿನ ಟ್ಯಾಂಕುಗಳ ಚಿತ್ರವನ್ನು ಮುಂದಿಟ್ಟ ಅಧಿಕಾರಿಗೆ ದೊರೆತದ್ದು ವೈದ್ಯರ ಅಪ್ಪಣೆಯ ರಜೆ. ನದಿಯಾಚೆ ಹೋರಾಡಿದ ಸುಮಾರು ಹತ್ತು ಸಾವಿರ ಮಂದಿಯಲ್ಲಿ ಈಚೆಗೆ ಹಿಂತಿರುಗಿದವರು ಕಾಲುಭಾಗಕ್ಕೂ ಕಡಿಮೆ. ಆ ಪುಸ್ತಕದಲ್ಲಿ ಯೋಜನೆಯೇ ಮುಖ್ಯಪಾತ್ರ. ಅದರ ಒಂದೊಂದು ಬಿರುಕನ್ನೂ ರಯನ್ ಅವರು ಬಿಡಿಸಿ ತೋರಿಸಿದ್ದಾರೆ. ಮುರಿದ ಮನೆಯ ತಳಹದಿ ಎಲ್ಲರ ಕಣ್ಣಿಗೂ ಬೀಳುತ್ತದೆ. ನಿಂತ ಮನೆಯ ತಳಹದಿಯನ್ನು ಯಾರೂ ನೋಡುವುದಿಲ್ಲ.

ನಾರ್ಮಂಡಿಯ ಯೋಜನೆಯಾದರೂ ನಿರ್ದೋಷವಾದದ್ದೇನೂ ಅಲ್ಲ. ಒಮಾಹಾ ತೀರದಲ್ಲಿ ಬಾಂಬುಗಳು ಗುರಿಯನ್ನು ದಾಟಿ ಹಿಂದೆ ಬಿದ್ದವು. ತೇಲಬೇಕಾಗಿದ್ದ ಟ್ಯಾಂಕುಗಳು ಅನೇಕ ಮುಳುಗಿದವು. ಮೊದಲ ದಿನವೇ ಹಿಡಿಯಬೇಕಾಗಿದ್ದ ಕಾನ್ ಪಟ್ಟಣಕ್ಕೆ ಒಂದು ತಿಂಗಳ ಮೇಲೆ ಬೇಕಾಯಿತು. ಮಹೂರ್ತವು ಇನ್ನೊಮ್ಮೆ ತಪ್ಪಿದ್ದರೆ ಮುಂದಿನ ಅನುಕೂಲದಿನವು ಜೂನ್ 19ರ ಸುಮಾರಿಗೆ ಬರುತ್ತಿತ್ತು. ಆ ದಿನ ಎದ್ದ ಬಿರುಗಾಳಿಯು ಅಮೆರಿಕನ್ನರ ಕೃತಕ ಬಂದರನ್ನೇ ಒಡೆದುಹಾಕಿತು. ಮಾನವಪ್ರಯತ್ನವೆಷ್ಟು, ದೈವವೆಷ್ಟು ಎಂಬ ಹಳೆಯ ಪ್ರಶ್ನೆಯನ್ನು ಈ ಸಂಗತಿಗಳು ಮತ್ತೆ ಎಬ್ಬಿಸುತ್ತವೆ.

ಸೋಲಬಹುದೆಂದು ಐಸೆನ್‌ಹೋವರನು ಮುಂಚಿತವಾಗಿ ಒಂದು ಚೀಟಿಯನ್ನು ಬರೆದು ಜೇಬಿನಲ್ಲಿಟ್ಟುಕೊಂಡಿದ್ದನು. ತಪ್ಪೇನಾದರೂ ಇದ್ದರೆ ಅದು ತನ್ನೊಬ್ಬನದೆಂಬುದು ಅದರ ತಾತ್ಪರ್ಯ. ಅದನ್ನು ಹೊರಗೆ ತೆಗೆಯುವ ಪ್ರಸಂಗ ಬರಲಿಲ್ಲ. ಆ ಚೀಟಿಯನ್ನು ಬರೆದ ಮನಸ್ಸನ್ನು ಪೂರ್ತಿಯಾಗಿ ಚಿತ್ರಿಸುವ ಗ್ರಂಥವು ಉದ್ಯೋಗಪರ್ವಕ್ಕೆ ಸಮನಾದೀತು. ಅದು ಬರುವ ತನಕ ‘ದಿ ಲಾಂಗೆಸ್ಟ್ ಡೇ’ ಎಂಬ ಈ ಭೀಷ್ಮಪರ್ವವನ್ನು ವಾಚಕರು ಆದರದಿಂದ ಓದಬೇಕು; ಅದರಲ್ಲಿ ಇಲ್ಲದುದನ್ನು ನೆನಪಿನಲ್ಲಿಟ್ಟುಕೊಂಡು ಓದಬೇಕು.