ಒಂದೇ ದಿನ ಹುಟ್ಟಿದ ಇಬ್ಬರು: ವಿಷ್ಣುವರ್ಧನ್ ಮತ್ತು ಶಬಾನಾ ಆಜ್ಮಿ

ಜಾತಕವನ್ನು ನಂಬುವವರಿಗೂ ನಂಬದವರಿಗೂ ಸಮಾನವಾಗಿ ಕುತೂಹಲ ಹುಟ್ಟಿಸುವ ಸಂಗತಿಯೊಂದಿದೆ. 1950ರ ಸೆಪ್ಟೆಂಬರ್ 18ರಂದು ಮೈಸೂರಿನ ಒಂದು ಮನೆಯಲ್ಲಿ ಗಂಡುಮಗುವೂ ಹೈದರಾಬಾದಿನ ಒಂದು ಮನೆಯಲ್ಲಿ ಹೆಣ್ಣುಮಗುವೂ ಹುಟ್ಟಿದವು. ಗಂಡುಮಗು ಸಂಪತ್‌ಕುಮಾರ, ಮುಂದೆ ನಾಡಿಗೆಲ್ಲ ವಿಷ್ಣುವರ್ಧನ್. ಹೆಣ್ಣುಮಗು ಶಬಾನಾ ಆಜ್ಮಿ. ತಿಥಿ ಒಂದೇ, ವಾರ ಒಂದೇ, ಇಸವಿಯೂ ಒಂದೇ. ಇಬ್ಬರೂ ನಟನೆಯನ್ನೇ ಬದುಕಾಗಿ ಹಿಡಿದರು. ಇಬ್ಬರ ಚಲನಚಿತ್ರ ಜೀವನವೂ ಎಪ್ಪತ್ತರ ದಶಕದ ಮೊದಲ ಭಾಗದಲ್ಲೇ ಆರಂಭವಾಯಿತು. ಉಪೇಂದ್ರ ಮತ್ತು ಶ್ರುತಿಯವರ ಹುಟ್ಟುಹಬ್ಬವೂ ಇದೇ ದಿನವೆಂಬುದು ಕನ್ನಡ ಚಿತ್ರಪ್ರೇಮಿಗಳಿಗೆ ಗೊತ್ತು. ಹಾಲಿವುಡ್ಡಿನ ಗ್ರೇಟಾ ಗಾರ್ಬೋ ಕೂಡ 1905ರಲ್ಲಿ ಇದೇ ದಿನ ಸ್ಟಾಕ್‌ಹೋಮಿನಲ್ಲಿ ಹುಟ್ಟಿದವರು. ಆದರೆ ದಿನದೊಂದಿಗೆ ವರ್ಷವೂ ಕೂಡಿಬಂದಿರುವುದು ಈ ಇಬ್ಬರಲ್ಲಿ. ಆದ್ದರಿಂದ ಇವರನ್ನು ಅಕ್ಕಪಕ್ಕ ನಿಲ್ಲಿಸಿ ನೋಡುವುದು ಬರಿಯ ತಮಾಷೆಯಾಗಲಾರದು.

ಇಬ್ಬರ ಮನೆಯಲ್ಲೂ ಕಲೆಯ ಗಾಳಿ ಇತ್ತು. ವಿಷ್ಣುವರ್ಧನರ ತಂದೆ ಎಚ್. ಎಲ್. ನಾರಾಯಣರಾಯರು ಸಂಗೀತ, ಬರವಣಿಗೆಗಳಲ್ಲಿ ತೊಡಗಿದ್ದವರು. ಮಗ 1955ರ 'ಶಿವಶರಣೆ ನಂಬಿಯಕ್ಕ'ದಲ್ಲೇ ಬಾಲನಟನಾಗಿ ಕಾಣಿಸಿಕೊಂಡ. ಶಬಾನಾರ ತಂದೆ ಉರ್ದು ಕವಿ ಕೈಫಿ ಆಜ್ಮಿ, ತಾಯಿ ಶೌಕತ್ ಕೈಫಿ. ತಾಯಿ ಪೃಥ್ವಿ ಥಿಯೇಟರ್ಸ್ ಮತ್ತು ಇಪ್ಟಾ ರಂಗಭೂಮಿಯ ನಟಿ. ಎಡಪಂಥೀಯ ಕಲಾವಿದರ ಆ ಬಳಗದಲ್ಲಿ ನಾಟಕವೆಂದರೆ ಮನರಂಜನೆಯಷ್ಟೇ ಅಲ್ಲ, ಸಮಾಜದೊಡನೆ ನಡೆಸುವ ವಾದವೂ ಹೌದು. ಮಗಳು ಮುಂಬಯಿಯಲ್ಲಿ ಕಾಲೇಜು ಮುಗಿಸಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಸೇರಿ ಅಭಿನಯವನ್ನು ಪಾಠವಾಗಿ ಕಲಿತಳು. ಸಂಪತ್‌ಕುಮಾರನಿಗೆ ಅಂಥ ಶಾಲೆ ಸಿಗಲಿಲ್ಲ. ಅವನ ಶಾಲೆ ಪುಟ್ಟಣ್ಣ ಕಣಗಾಲರ ಶೂಟಿಂಗ್ ಸ್ಥಳ. ವಿಷ್ಣುವರ್ಧನ್ ಎಂಬ ಹೆಸರಿಟ್ಟವರೂ ಅವರೇ.

ಈಗ ಆರಂಭದ ಚಿತ್ರಗಳನ್ನು ನೋಡೋಣ. ವಿಷ್ಣುವರ್ಧನ್ ದೊಡ್ಡವರಾದ ಮೇಲೆ ಮೊದಲು ಕಾಣಿಸಿಕೊಂಡದ್ದು 'ವಂಶವೃಕ್ಷ'ದ ಒಂದು ಚಿಕ್ಕ ಪಾತ್ರದಲ್ಲಿ. ಭೈರಪ್ಪನವರ ಕಾದಂಬರಿಯನ್ನು ಬಿ. ವಿ. ಕಾರಂತ ಮತ್ತು ಗಿರೀಶ ಕಾರ್ನಾಡರು ಕೂಡಿ ತೆರೆಗೆ ತಂದ ಚಿತ್ರವದು. 1971ನೆಯ ಸಾಲಿನ ಅತ್ಯುತ್ತಮ ನಿರ್ದೇಶನದ ರಾಷ್ಟ್ರಪ್ರಶಸ್ತಿ ಈ ಜೋಡಿಗೆ ಬಂತು. ಶಬಾನಾರ ಹೆಸರು ಮಾಡಿದ್ದು 1974ರಲ್ಲಿ ಶ್ಯಾಮ್ ಬೆನೆಗಲ್ಲರ 'ಅಂಕುರ್'. ಅಲ್ಲಿ ಅವರ ಎದುರು ಜಮೀನ್ದಾರನ ಮಗನಾಗಿ ನಟಿಸಿದವರು ನಮ್ಮ ಅನಂತನಾಗ್. ಅಂದರೆ ಇಬ್ಬರೂ ಹೊಸ ಅಲೆಯ ಬಾಗಿಲಿನಿಂದಲೇ ಒಳಗೆ ಬಂದವರು. ಶಬಾನಾ ಆ ಮನೆಯಲ್ಲೇ ಉಳಿದುಕೊಂಡು, ಆಗಾಗ ಹೊರಗೆ ಹೋಗಿ ಬಂದರು. ವಿಷ್ಣು ಆ ಬಾಗಿಲಿನಿಂದ ಹೊರಬಿದ್ದವರು ಕಾರಂತ-ಕಾರ್ನಾಡರ ಪಂಕ್ತಿಗೆ ನಾಯಕರಾಗಿ ಮರಳಲಿಲ್ಲ.

ಕಾರಣ 'ನಾಗರಹಾವು'. 1972ರ ಕೊನೆಯಲ್ಲಿ ಬಂದ ಈ ಚಿತ್ರ ತ. ರಾ. ಸು. ಅವರ ಮೂರು ಕಾದಂಬರಿಗಳನ್ನು ಹೆಣೆದು ಮಾಡಿದ್ದು. ಚಿತ್ರದುರ್ಗದ ಕೋಟೆಯ ಬಂಡೆಗಳ ನಡುವೆ ಕೆರಳಿ ನಿಲ್ಲುವ ರಾಮಾಚಾರಿಯನ್ನು ಮರೆತ ಕನ್ನಡಿಗರುಂಟೆ? ಆ ಪಾತ್ರವನ್ನು ಇಂದು ಮತ್ತೆ ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಜನ ನೆನಪಿಟ್ಟುಕೊಂಡದ್ದು ಅವನ ಕೋಪವನ್ನು. ಆದರೆ ವಿಷ್ಣು ಅಭಿನಯಿಸಿದ್ದು ಕೋಪದ ಹಿಂದಿನ ಅನಾಥಭಾವವನ್ನು. ಅಶ್ವತ್ಥರ ಚಾಮಯ್ಯ ಮೇಷ್ಟ್ರ ಎದುರು ಆ ಉಡಾಳ ಹುಡುಗ ತಲೆ ತಗ್ಗಿಸಿ ನಿಲ್ಲುವ ರೀತಿ ನೋಡಿ. ಇಡೀ ಊರಿನಲ್ಲಿ ತನ್ನನ್ನು ಮಗನಂತೆ ಕಂಡ ಒಬ್ಬನೇ ಒಬ್ಬನಿಗೆ ಅವನು ಸೋಲುತ್ತಾನೆ. ಆ ಸೋಲೇ ಅವನ ದುರಂತದ ಬೇರು. ಚಿತ್ರೋದ್ಯಮ ಮಾತ್ರ ಸೋಲನ್ನು ಬಿಟ್ಟು ಕೋಪವನ್ನು ಎತ್ತಿಕೊಂಡಿತು. ಹತ್ತು ವರ್ಷ ಕಳೆಯುವುದರೊಳಗೆ, 1982ರಲ್ಲಿ, ಅದೇ ಕೋಪಕ್ಕೆ ಪೊಲೀಸ್ ಸಮವಸ್ತ್ರ ತೊಡಿಸಿ 'ಸಾಹಸ ಸಿಂಹ' ಎಂದು ಕರೆಯಲಾಯಿತು. ಆ ಬಿರುದು ಅವರಿಗೆ ಅಂಟಿಕೊಂಡಿತು.

ಹಾಗಾದರೆ ಶಬಾನಾ ವ್ಯಾಪಾರಿ ಚಿತ್ರಗಳಲ್ಲಿ ನಟಿಸಲೇ ಇಲ್ಲವೆ? ನಟಿಸಿದರು. 1977ರ 'ಅಮರ್ ಅಕ್ಬರ್ ಆಂಥೋನಿ', 'ಪರ್ವರಿಶ್'ಗಳಲ್ಲಿ ಅವರೂ ಇದ್ದಾರೆ. ಆದರೆ ಆ ಚಿತ್ರಗಳನ್ನು ಯಾರೂ ಶಬಾನಾರಿಗಾಗಿ ನೆನೆಯುವುದಿಲ್ಲ. ಇಲ್ಲಿಯೇ ನಾವು ಸ್ವಲ್ಪ ನಿಂತು ಯೋಚಿಸಬೇಕು. ಆ ಕಾಲದ ಹಿಂದಿ ಚಿತ್ರದಲ್ಲಿ ನಾಯಕಿಗೆ ಕೊಡುತ್ತಿದ್ದುದು ಎರಡು ಹಾಡು, ಒಂದು ಅಳು. ನಿಜವಾದ ಪಾತ್ರ ಬೇಕೆಂಬ ನಟಿಗೆ ಬೇರೆ ಕಡೆ ಹುಡುಕದೆ ವಿಧಿ ಇರಲಿಲ್ಲ. ಹೀಗೆ ಹುಡುಕಿದ್ದರಿಂದ 'ಸ್ಪರ್ಶ್', 'ಅರ್ಥ್', 'ಖಂಡಹರ್', 'ಪಾರ್' ದೊರೆತವು. ನಾಯಕನ ಕತೆ ಬೇರೆ. ಅವನಿಗೆ ಸಿಂಹಾಸನವನ್ನೇ ಕೊಟ್ಟು ಕೂರಿಸುತ್ತಾರೆ. ಎದ್ದು ಹೋಗಬೇಕೆಂದರೆ ಅವನನ್ನು ನಂಬಿದ ನಿರ್ಮಾಪಕ, ಹಂಚಿಕೆದಾರ, ಥಿಯೇಟರಿನವ, ಅಭಿಮಾನಿ ಸಂಘ ಎಲ್ಲರನ್ನೂ ದಾಟಿ ಹೋಗಬೇಕು. ಕನ್ನಡದಂಥ ಚಿಕ್ಕ ಮಾರುಕಟ್ಟೆಯಲ್ಲಿ ಒಬ್ಬ ನಾಯಕನ ಬೆನ್ನ ಮೇಲೆ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ಸುಮಾರು 200 ಚಿತ್ರಗಳಲ್ಲಿ ನಟಿಸಿದ ವ್ಯಕ್ತಿ ಆ ಭಾರವನ್ನು ಹೊತ್ತೇ ನಡೆದರು. ಇದನ್ನು ದೋಷವೆನ್ನಲಾರೆ, ಆದರೆ ಕಲಾವಿದನಿಗೆ ತಟ್ಟಿದ ನಷ್ಟವೆಂದು ಒಪ್ಪಲೇಬೇಕು.

ಅಂಕಿಗಳು ಈ ಮಾತನ್ನು ಇನ್ನಷ್ಟು ಬಿಡಿಸಿ ಹೇಳುತ್ತವೆ. ಶಬಾನಾರಿಗೆ ಅತ್ಯುತ್ತಮ ನಟಿಯ ರಾಷ್ಟ್ರಪ್ರಶಸ್ತಿ ಐದು ಸಲ ಬಂದಿದೆ: 'ಅಂಕುರ್', 'ಅರ್ಥ್', 'ಖಂಡಹರ್', 'ಪಾರ್' ಮತ್ತು 'ಗಾಡ್‌ಮದರ್'. ನಡುವಿನ ಮೂರು ಸಾಲಾಗಿ ಮೂರು ವರ್ಷ ಬಂದವು. 1988ರಲ್ಲಿ ಪದ್ಮಶ್ರೀ, 2012ರಲ್ಲಿ ಪದ್ಮಭೂಷಣ; 1997ರಲ್ಲಿ ರಾಜ್ಯಸಭೆಗೆ ನಾಮಕರಣ. ವಿಷ್ಣುವರ್ಧನರಿಗೆ ರಾಜ್ಯಪ್ರಶಸ್ತಿಗಳು ಹಲವು ಬಂದವು. ರಾಷ್ಟ್ರಪ್ರಶಸ್ತಿ ಒಂದೂ ಬರಲಿಲ್ಲ. ಕರ್ನಾಟಕ ರತ್ನ ಬಂದದ್ದು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 2025ರಲ್ಲಿ, ಬಿ. ಸರೋಜಾದೇವಿಯವರೊಂದಿಗೆ.

ಹೊರನಾಡ ಕನ್ನಡಿಗರಾದ ನಾವು ನಾಲ್ಕು ಜನ ಸೇರಿದಲ್ಲಿ ಈ ವಿಷಯ ಬಂದರೆ ಥಟ್ಟನೆ ಒಂದು ತೀರ್ಪು ಕೊಟ್ಟುಬಿಡುತ್ತೇವೆ: ದಿಲ್ಲಿಯವರಿಗೆ ಕನ್ನಡ ಕಣ್ಣಿಗೆ ಬೀಳುವುದಿಲ್ಲ, ವಿಷ್ಣು ಹಿಂದಿಯಲ್ಲಿ ಹುಟ್ಟಿದ್ದರೆ ನೋಡಬೇಕಿತ್ತು, ಎಂದು. ಮಾತು ಕೇಳಲು ಹಿತ. ಆದರೆ 'ಚೋಮನ ದುಡಿ'ಯ ಚೋಮನಿಗಾಗಿ ಎಂ. ವಿ. ವಾಸುದೇವರಾಯರಿಗೆ ಅತ್ಯುತ್ತಮ ನಟನ ರಾಷ್ಟ್ರಪ್ರಶಸ್ತಿ ಬಂದದ್ದು 1975ನೆಯ ಸಾಲಿನಲ್ಲಿ. 'ತಬರನ ಕಥೆ'ಯ ತಬರನಾಗಿ ಚಾರುಹಾಸನ್ ಅದನ್ನು 1986ನೆಯ ಸಾಲಿನಲ್ಲಿ ಪಡೆದರು. ಇವೆರಡೂ ಕನ್ನಡ ಚಿತ್ರಗಳೇ ತಾನೆ? ಆದ್ದರಿಂದ ಅಡ್ಡವಾದದ್ದು ಭಾಷೆಯಲ್ಲ. ನಮ್ಮಲ್ಲಿಯೇ ಕಲಾಚಿತ್ರಕ್ಕೂ ಜನಪ್ರಿಯ ಚಿತ್ರಕ್ಕೂ ನಡುವೆ ಎದ್ದ ಗೋಡೆ. ಕಲಾಚಿತ್ರದವರು ಜನಪ್ರಿಯ ನಾಯಕನನ್ನು ಕರೆಯಲು ಸಂಕೋಚಪಟ್ಟರು. ಜನಪ್ರಿಯ ಚಿತ್ರದವರು ಅವನನ್ನು ಬಿಟ್ಟುಕೊಡಲು ಹೆದರಿದರು. ನಾವು ಪ್ರೇಕ್ಷಕರು ಒಂದು ಗುಂಪಿಗೆ ಚಪ್ಪಾಳೆ, ಇನ್ನೊಂದಕ್ಕೆ ಗೌರವ ಎಂದು ಹಂಚಿಕೊಟ್ಟು ಸುಮ್ಮನಾದೆವು.

ಆ ಗೋಡೆ ಇಲ್ಲದೆ ಹೋಗಿದ್ದರೆ ಏನಾಗುತ್ತಿತ್ತೆಂಬುದಕ್ಕೆ ಸಾಕ್ಷಿ ಬೇಕೆ? ಇದೆ. ಎಂಬತ್ತರ ದಶಕದಲ್ಲಿ ಶಂಕರ್‌ನಾಗ್ ದೂರದರ್ಶನಕ್ಕಾಗಿ ಮಾಡಿದ 'ಮಾಲ್ಗುಡಿ ಡೇಸ್' ಮಾಲೆಯಲ್ಲಿ ತಿಂಗಳಿಗೆ 45 ರೂಪಾಯಿಯ ಕತೆ ಒಂದಿದೆ. ಆರ್. ಕೆ. ನಾರಾಯಣರ ಆ ಸಣ್ಣಕತೆಯಲ್ಲಿ ಗುಮಾಸ್ತ ವೆಂಕಟರಾಯ ತನ್ನ ಪುಟ್ಟ ಮಗಳಿಗೆ, ಸಂಜೆ ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟಿದ್ದಾನೆ. ಕಚೇರಿ ಅವನನ್ನು ಬಿಡುವುದಿಲ್ಲ. ರೋಸಿಹೋಗಿ ರಾಜೀನಾಮೆ ಬರೆಯುತ್ತಾನೆ. ಅಷ್ಟರಲ್ಲಿ ಸಂಬಳ ಐದು ರೂಪಾಯಿ ಏರಿದ ಸುದ್ದಿ ಬರುತ್ತದೆ. ಬರೆದದ್ದನ್ನು ಹಿಂದಕ್ಕೆ ತೆಗೆದುಕೊಂಡು ತಡವಾಗಿ ಮನೆಗೆ ಬರುವ ಹೊತ್ತಿಗೆ ಮಗು ಹೊಸ ಬಟ್ಟೆಯಲ್ಲೇ ನಿದ್ದೆಹೋಗಿರುತ್ತಾಳೆ. ಆ ವೆಂಕಟರಾಯ ವಿಷ್ಣುವರ್ಧನ್. ಸಾಹಸವಿಲ್ಲ, ಸಿಂಹವಿಲ್ಲ, ಕೈಯಲ್ಲಿ ಕಡಗವಿಲ್ಲ. ಬಾಗಿದ ಬೆನ್ನು, ತಡವರಿಸುವ ಮಾತು, ಯಜಮಾನನ ಎದುರು ಬಂದು ಮಾಯವಾಗುವ ಧೈರ್ಯ. ಲೋಕಲ್ ಗಾಡಿ ಹಿಡಿದು ಕೆಲಸಕ್ಕೆ ಹೋಗಿ, ಮಕ್ಕಳು ಮಲಗಿದ ಮೇಲೆ ಮನೆ ಸೇರುವ ನಮ್ಮಲ್ಲಿ ಎಷ್ಟು ಜನಕ್ಕೆ ಆ ಮನುಷ್ಯ ಪರಿಚಿತನಲ್ಲ? ತೆರೆಯ ಮೇಲೆ ಹತ್ತಾರು ಜನರನ್ನು ಹೊಡೆದುರುಳಿಸುವವನು ಒಬ್ಬ ಮೇಲಧಿಕಾರಿಗೆ ಉತ್ತರ ಕೊಡಲಾರದೆ ನಿಲ್ಲುವುದನ್ನು ನಂಬುವಂತೆ ಮಾಡುವುದು ಸಾಮಾನ್ಯ ನಟನಿಂದ ಆಗುವ ಕೆಲಸವಲ್ಲ.

ಇದು ಒಂಟಿ ಉದಾಹರಣೆಯೂ ಅಲ್ಲ. 1978ರ 'ಹೊಂಬಿಸಿಲು', 1984ರ 'ಬಂಧನ' ಎರಡೂ ಉಷಾ ನವರತ್ನರಾಂ ಅವರ ಕಾದಂಬರಿಗಳಿಂದ ಬಂದವು. 'ಬಂಧನ'ದ ಡಾಕ್ಟರ್ ಹರೀಶ್ ಪ್ರೀತಿಸಿದವಳನ್ನು ಇನ್ನೊಬ್ಬನಿಗೆ ಬಿಟ್ಟುಕೊಟ್ಟು, ನೋವನ್ನು ನಗುವಿನಲ್ಲಿ ಮುಚ್ಚಿಡುವವನು. ಕನ್ನಡದ ಮಹಿಳಾ ಕಾದಂಬರಿ ಈ ನಟನಿಗೆ ಮಾಡಿದ ಉಪಕಾರವನ್ನು ವಿಮರ್ಶಕರು ಸಾಕಷ್ಟು ಗಮನಿಸಿಲ್ಲ. ಗೃಹಿಣಿಯರು ಓದಿ ಕಣ್ಣೊರೆಸಿಕೊಂಡ ಪುಸ್ತಕಗಳೆಂದು ಪಂಡಿತರು ಬದಿಗಿಟ್ಟ ಕೃತಿಗಳೇ ಒಬ್ಬ ನಾಯಕನಿಗೆ ಹೊಡೆದಾಟ ಬಿಟ್ಟು ಅಭಿನಯಿಸಲು ಅವಕಾಶ ಕೊಟ್ಟವು. 2000ದ ಆಚೀಚೆ ಬಂದ ದೊಡ್ಡ ಯಶಸ್ಸುಗಳಾದ 'ಸೂರ್ಯವಂಶ', 'ಯಜಮಾನ', 'ಆಪ್ತಮಿತ್ರ' ಮೂರೂ ತಮಿಳು, ಮಲಯಾಳಗಳಲ್ಲಿ ಮೊದಲು ಬಂದ ಕತೆಗಳು. ಇನ್ನೊಬ್ಬರ ಅಳತೆಗೆ ಹೊಲಿದ ಅಂಗಿಯನ್ನೂ ವಿಷ್ಣು ತಮ್ಮದೆನಿಸುವಂತೆ ತೊಟ್ಟರು, ನಿಜ. ಆದರೆ ಐವತ್ತರ ಪ್ರಾಯದ ಆ ಪಕ್ವ ನಟನಿಗಾಗಿಯೇ ಬರೆದ ಕನ್ನಡ ಪಾತ್ರಗಳು ಎಲ್ಲಿ?

ಶಬಾನಾರಿಗೆ ಆ ಪ್ರಾಯದಲ್ಲಿ ರಂಗಭೂಮಿ ಆಸರೆಯಾಯಿತು. 1992ರಲ್ಲಿ ಆರಂಭವಾದ 'ತುಮ್ಹಾರಿ ಅಮೃತಾ'ದಲ್ಲಿ ಅವರು ಮತ್ತು ಫಾರೂಕ್ ಶೇಖ್ ಕುಳಿತಲ್ಲೇ ಕುಳಿತು ಪತ್ರ ಓದುತ್ತಾರೆ, ಅಷ್ಟೇ. ಧ್ವನಿಯೊಂದರಲ್ಲೇ ಹೆಣ್ಣೊಬ್ಬಳ ಇಡೀ ಆಯುಷ್ಯ ಸರಿದುಹೋಗುತ್ತದೆ. ಕ್ಯಾಮೆರಾ, ಮೇಕಪ್ಪು, ಹಿನ್ನೆಲೆ ಸಂಗೀತ ಎಲ್ಲ ಕಿತ್ತುಕೊಂಡ ಮೇಲೂ ಉಳಿಯುವುದು ಯಾವುದೋ ಅದೇ ನಟನೆಯೆಂದು ಆ ಪ್ರಯೋಗ ತೋರಿಸಿತು. ಚಿತ್ರನಟರಿಗೆ ಇಂಥ ಅಗ್ನಿಪರೀಕ್ಷೆ ಆಗಾಗ ಬೇಕು. ನಮ್ಮ ನಾಯಕನಿಗೆ ಅದು ಒದಗಲಿಲ್ಲ.

ಶಬಾನಾರಿಗೂ ಕನ್ನಡಕ್ಕೂ ಇರುವ ನಂಟನ್ನು ಇಲ್ಲಿ ಹೇಳಲೇಬೇಕು. ನಮ್ಮವರಲ್ಲಿ ಅನೇಕರು ಅದನ್ನು ಮರೆತಿದ್ದಾರೆ. ಮೈಸೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆಸಿದ ಎಂ. ಎಸ್. ಸತ್ಯು ಅವರ 'ಗರ್ಮ್ ಹವಾ'ಕ್ಕೆ ಸಂಭಾಷಣೆ ಬರೆದವರು ಕೈಫಿ, ಅದರಲ್ಲಿ ನಟಿಸಿದವರು ಶೌಕತ್. ಅದೇ ಸತ್ಯು 1977ರಲ್ಲಿ ಕನ್ನಡದಲ್ಲಿ 'ಕನ್ನೇಶ್ವರ ರಾಮ' ಮಾಡಿದಾಗ ಅನಂತನಾಗ್ ಜತೆ ಶಬಾನಾ ನಟಿಸಿದರು, ಸಂಗೀತ ಬಿ. ವಿ. ಕಾರಂತರದು. ಬಹಳ ಕಾಲದ ಮೇಲೆ ಕಾರ್ನಾಡರ 'ಒಡಕಲು ಬಿಂಬ'ದ ಇಂಗ್ಲಿಷ್ ರೂಪವನ್ನು ಆಲಿಕ್ ಪದಮ್ಸಿ ನಿರ್ದೇಶಿಸಿದಾಗ, ರಂಗದ ಮೇಲೆ ಒಬ್ಬರೇ ನಿಂತು ಮಂಜುಳಾ ಆದವರೂ ಅವರೇ. ಕನ್ನಡದ ಲೇಖಕಿಯೊಬ್ಬಳು ಇಂಗ್ಲಿಷಿನಲ್ಲಿ ಬರೆದು ಲೋಕಪ್ರಸಿದ್ಧಳಾಗಿ, ಕೊನೆಗೆ ತನ್ನದೇ ಬಿಂಬದ ಪ್ರಶ್ನೆಗಳಿಗೆ ಸಿಕ್ಕಿಬೀಳುವ ನಾಟಕವದು. ಮನೆಯಲ್ಲಿ ಒಂದು ಭಾಷೆ, ಕಚೇರಿಯಲ್ಲಿ ಒಂದು, ಮಕ್ಕಳೊಡನೆ ಇನ್ನೊಂದು ಎಂದು ಬದುಕುವ ನಮಗೆ ಆ ಮಂಜುಳಾ ಪರಕೀಯಳಲ್ಲ.

ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ಮೈಸೂರಿನಲ್ಲಿ ತೀರಿಕೊಂಡರು. ಆಗ ವಯಸ್ಸು 59. ಕೊನೆಯ ಚಿತ್ರ 'ಆಪ್ತರಕ್ಷಕ' ಅವರ ನಂತರ ತೆರೆಕಂಡಿತು. ಶಬಾನಾ 2025ರ ಸೆಪ್ಟೆಂಬರಿನಲ್ಲಿ 75 ತುಂಬಿದರು. ಜಾತಕ ಒಂದೇ ಆದರೂ ದಾರಿ ಬೇರೆಯಾದದ್ದಕ್ಕೆ ಗ್ರಹಗಳನ್ನು ದೂರಿ ಫಲವಿಲ್ಲ. ಒಬ್ಬರಿಗೆ ಶಾಲೆ, ರಂಗಭೂಮಿ, ನೆಚ್ಚಿ ಕರೆಯುವ ನಿರ್ದೇಶಕರು ದೊರೆತರು. ಇನ್ನೊಬ್ಬರಿಗೆ ಅಪಾರ ಜನಪ್ರೀತಿ ದೊರೆಯಿತು. ಜನಪ್ರೀತಿ ಕಡಿಮೆಯ ವರವಲ್ಲ. ಆದರೆ ಪ್ರೀತಿಸುವವರು ಒಮ್ಮೆ ಬೇರೆ ಪಾತ್ರವನ್ನೂ ಕೇಳಬೇಕಿತ್ತು.

ಕೇಳಲು ಈಗ ಆಗದು, ನೋಡಲು ಅಡ್ಡಿಯಿಲ್ಲ. ಪ್ರತಿ ಸೆಪ್ಟೆಂಬರಿನಲ್ಲಿ ಊರೂರ ಕನ್ನಡ ಸಂಘಗಳು ವಿಷ್ಣು ಹಾಡುಗಳ ಸಂಜೆ ಏರ್ಪಡಿಸುವುದುಂಟು. ಹಾಡು ಇರಲಿ. ಅದರ ಜತೆಗೆ ಒಂದು ವರ್ಷ ವೆಂಕಟರಾಯನ ಕತೆಯನ್ನೂ 'ಕನ್ನೇಶ್ವರ ರಾಮ'ನನ್ನೂ ಒಂದೇ ದಿನ ತೋರಿಸಬಾರದೇಕೆ? 'ಮಾಲ್ಗುಡಿ' ಹಿಂದಿಯಲ್ಲಿರುವುದರಿಂದ ಕನ್ನಡ ಸರಾಗವಾಗಿ ತಿಳಿಯದ ನಮ್ಮ ಮಕ್ಕಳಿಗೂ ಅರ್ಥವಾದೀತು. ಅಜ್ಜ ಅಜ್ಜಿಯರು ಹೊಗಳುವ ಆ ನಾಯಕ ಹೊಡೆದಾಡದೆಯೂ ಎಷ್ಟು ದೊಡ್ಡ ನಟನೆಂದು ಅವರೇ ನೋಡಿ ಹೇಳಲಿ.